ಖಾಲಿ ಖಜಾನೆಯ ದಿವಾನ: ರೈತರು, ವರ್ತಕರ ಮುಂದೆ ಸರ್ಕಾರದ ಲೆಕ್ಕ ಇಟ್ಟ ರಂಗಾಚಾರ್ಲು

ದೇವರಮನೆ (ಮೂಡಿಗೆರೆ ತಾ.): ಜಾತ್ರೆ ಮುಗಿದ ಮೇಲೆ ಲೆಕ್ಕ ಒಪ್ಪಿಸೋದು ಮಲೆನಾಡಿನ ಊರುಗಳಲ್ಲಿ ಹಳೇ ಪದ್ಧತಿ. ವಂತಿಗೆ ಎಷ್ಟು ಬಂತು, ಶಾಮಿಯಾನಕ್ಕೆ ಎಷ್ಟು ಹೋಯ್ತು, ಅಕ್ಕಿ ಬೇಳೆಗೆ ಎಷ್ಟಾಯ್ತು, ಕೊನೆಗೆ ಉಳಿದಿದ್ದೆಷ್ಟು ಅಂತ ದೇವಸ್ಥಾನದ ಜಗುಲಿಯಲ್ಲಿ ಕೂತು ಓದ್ತಾರೆ. ದುಡ್ಡು ಸಾಲದೆ ಬಂದ ವರ್ಷ ಈ ಸಭೆ ಇನ್ನೂ ಜೋರು. ಕೊಟ್ಟವನಿಗೆ ಕೇಳುವ ಹಕ್ಕಿದೆ ಅನ್ನೋದನ್ನ ದೇವರಮನೆ ಸುತ್ತಿನ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಸರ್ಕಾರದ ಲೆಕ್ಕದ ವಿಷಯಕ್ಕೆ ಬಂದರೆ ಮಾತ್ರ ನಾವು ಅಷ್ಟು ಜೋರಿಲ್ಲ. ವರ್ಷದ ಕೊನೆ ಹತ್ತಿರ ಬಂತೆಂದರೆ ಪಟ್ಟಣ ಪಂಚಾಯಿತಿ, ನಗರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಟ್ರೇಡ್ ಲೈಸೆನ್ಸ್ ಅಂತ ಕಟ್ಟುವವರನ್ನೇ ಕರೆದು, ಏನು ಬೇಕು ಹೇಳಿ ಅನ್ನುವ ಸಭೆ ಅದು. ಅಂಗಡಿ ಬಾಗಿಲು ಹಾಕಿಕೊಂಡು ಹೋಗಿ ಕೂರುವವರು ಕಡಿಮೆ. ಹೋಗಿ ಏನು ಪ್ರಯೋಜನ ಅನ್ನೋದು ಸಾಮಾನ್ಯ ಉತ್ತರ. ಆದರೆ ಕಂದಾಯ ಕಟ್ಟುವ ರೈತರನ್ನೂ ವರ್ತಕರನ್ನೂ ಎದುರಿಗೆ ಕೂರಿಸಿಕೊಂಡು, ಬೊಕ್ಕಸಕ್ಕೆ ಬಂದದ್ದೆಷ್ಟು ಹೋದದ್ದೆಷ್ಟು ಅಂತ ಹೇಳುವ ಪದ್ಧತಿ ಮೈಸೂರು ಸೀಮೆಯಲ್ಲಿ ಶುರುವಾಗಿದ್ದು 1881ರಲ್ಲಿ. ಅದನ್ನು ಶುರುಮಾಡಿದವರ ಕೈಗೆ ಬಂದಿದ್ದು ತುಂಬಿದ ಖಜಾನೆಯಲ್ಲ, ಸಾಲದ ಪತ್ರ. ಅವರ ಹೆಸರು ಸಿ. ರಂಗಾಚಾರ್ಲು, ಮೈಸೂರಿನ ದಿವಾನರು.

ಗುಮಾಸ್ತನ ಮಗ

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸು ಪ್ರಾಂತ್ಯದ ಚೆಂಗಲ್‌ಪಟ್ಟು ಜಿಲ್ಲೆಯ ಶ್ರೀವೈಷ್ಣವ ಕುಟುಂಬದಲ್ಲಿ. ಅಪ್ಪ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅನುಕೂಲ ಹೆಚ್ಚಿರಲಿಲ್ಲ. ಮದರಾಸಿನ ಹೈಸ್ಕೂಲಿನಲ್ಲಿ ಓದು ಮುಗಿಸಿ 1849ರಲ್ಲಿ ಹುಡುಗ ಕೂಡ ಕಲೆಕ್ಟರ್ ಕಚೇರಿಯ ಗುಮಾಸ್ತಿಕೆಗೇ ಸೇರಿಕೊಂಡ.

ಹುಟ್ಟಿದ ವರ್ಷವನ್ನು ನೆನಪಿಟ್ಟುಕೊಳ್ಳಬೇಕು. 1831ರಲ್ಲೇ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡಿದ್ದು. ಅದಕ್ಕೆ ಕಾರಣವಾಗಿ ತೋರಿಸಿದ್ದು ನಮ್ಮ ಕಡೆಯದೇ ಗಲಾಟೆ: ನಗರದ ದಂಗೆ. ಕಂದಾಯದ ಭಾರ, ಅಮಲ್ದಾರರ ಕಾಟ ತಾಳಲಾರದೆ ರೈತರು ಕೂಟ ಕಟ್ಟಿಕೊಂಡು ಎದ್ದರು. ತರೀಕೆರೆ ಪಾಳೇಗಾರರೂ ಸೇರಿಕೊಂಡರು. ರೈತರ ದೂರು ಮೇಲಿನವರ ಕಿವಿಗೆ ಮುಟ್ಟುವ ದಾರಿಯೇ ಇಲ್ಲದಿದ್ದಾಗ ದೂರು ದಂಗೆಯಾಯಿತು. ಆ ದಂಗೆಯ ನೆಪದಲ್ಲಿ ಹೋದ ರಾಜ್ಯ ವಾಪಸ್ ಬರೋಕೆ 50 ವರ್ಷ ಹಿಡಿಯಿತು. ವಾಪಸ್ ಬಂದ ದಿನ ದಿವಾನರ ಕುರ್ಚಿಯಲ್ಲಿ ಕೂತವರು ಈ ರಂಗಾಚಾರ್ಲು.

ಗುಮಾಸ್ತನಿಂದ ದಿವಾನನಾಗುವ ತನಕದ ದಾರಿ ಪೂರಾ ಲೆಕ್ಕಪತ್ರದ್ದೇ. ಇನಾಂ ಕಮಿಷನ್‌ನಲ್ಲಿ ಕೆಲಸ ಮಾಡಿ ಯಾವ ಜಮೀನು ನಿಜವಾದ ಇನಾಂ, ಯಾವುದು ಕಾಗದದ ಮೇಲಿನ ಇನಾಂ ಅಂತ ಬಿಡಿಸುವುದನ್ನು ಕಲಿತರು. ಆಮೇಲೆ ಕಲ್ಲಿಕೋಟೆಯಲ್ಲಿ ಖಜಾನೆಯ ಡೆಪ್ಯುಟಿ ಕಲೆಕ್ಟರ್. ಕಂದಾಯ ಇಲಾಖೆಯ ಲಂಚಗುಳಿತನದ ಬಗ್ಗೆ ಬರೆದು ಅಚ್ಚು ಹಾಕಿಸಿದ್ದೂ ಮದರಾಸಿನ ನೌಕರಿಯಲ್ಲಿದ್ದಾಗಲೇ. ತಾನು ಅನ್ನ ತಿನ್ನುವ ಇಲಾಖೆಯ ಬಗ್ಗೆ ಹಾಗೆ ಬರೆಯೋದು ಇವತ್ತಿಗೂ ಸುಲಭ ಅಲ್ಲ.

1868ರ ಮಾರ್ಚಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ದತ್ತು ಮಗ ಚಾಮರಾಜ ಒಡೆಯರಿಗೆ ಆಗ ಬರೀ ಐದು ವರ್ಷ. ಅರಮನೆ ಅಂದರೆ ಸಾವಿರಾರು ಜನರ ಊಳಿಗ, ದಶಕಗಳ ಸಾಲ, ಒಡವೆ ವಸ್ತು, ಯಾರಿಗೆ ಏನು ಕೊಡಬೇಕು ಅನ್ನೋದೇ ಗೊತ್ತಿಲ್ಲದ ಲೆಕ್ಕ. ಅದನ್ನೆಲ್ಲ ಬಿಡಿಸಲು ನೇಮಕವಾದ ಇಂಗ್ಲಿಷ್ ಅಧಿಕಾರಿಯ ಸಹಾಯಕ್ಕೆ ರಂಗಾಚಾರ್ಲು ಅವರನ್ನು ಮದರಾಸು ಕಡೆಯಿಂದ ಕರೆಸಿಕೊಂಡರು. ಮುಂದೆ ಅರಮನೆಯ ಕಂಟ್ರೋಲರ್ ಆಗಿದ್ದೂ ಇವರೇ. ಅದೇ ವರ್ಷ ಕಲ್ಲಿಕೋಟೆಯ ಕಡೆ ಪರಿಚಯವಾಗಿದ್ದ ಇನ್ನೊಬ್ಬ ಹುಡುಗನನ್ನೂ ಮೈಸೂರಿನ ನೌಕರಿಗೆ ಕರೆತಂದರು. ಆ ಹುಡುಗ ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿಗೆ ಹೆಸರಘಟ್ಟದ ನೀರು ತಂದ, ಶಿವನಸಮುದ್ರದ ಕರೆಂಟ್ ಕೆಲಸ ಶುರುಮಾಡಿಸಿದ ದಿವಾನರು ಅಂದರೆ ಎಲ್ಲರಿಗೂ ಗೊತ್ತಾಗುತ್ತೆ.

ಇಂಗ್ಲಿಷರ ಸಂಬಳದಲ್ಲಿದ್ದರೂ ರಂಗಾಚಾರ್ಲು ಅವರ ಆಡಳಿತವನ್ನು ಕಣ್ಣುಮುಚ್ಚಿ ಒಪ್ಪಿದವರಲ್ಲ. ಮೈಸೂರಿನಲ್ಲಿ ಬ್ರಿಟಿಷ್ ಆಡಳಿತ ಹೇಗೆ ನಡೀತಿದೆ ಅಂತ ವಿಮರ್ಶೆ ಮಾಡಿ ಅವರು ಬರೆದ ಪುಸ್ತಿಕೆ 1874ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಸಾರಾಂಶ ಇಷ್ಟು: ದೊಡ್ಡ ಸಂಬಳದ ಯುರೋಪಿಯನ್ ಅಧಿಕಾರಿಗಳನ್ನು ಮೇಲಿಂದ ಮೇಲೆ ಕೂರಿಸುತ್ತಾ ಹೋದರೆ ಬಡ ಸಂಸ್ಥಾನ ತಾಳಲ್ಲ, ಅದೇ ಕೆಲಸವನ್ನು ಇಲ್ಲಿಯವರೇ ಕಡಿಮೆ ಖರ್ಚಲ್ಲಿ ಮಾಡಬಲ್ಲರು. ಏಳು ವರ್ಷ ಕಳೆದ ಮೇಲೆ ಈ ಮಾತನ್ನು ಮಾಡಿ ತೋರಿಸಬೇಕಾದ ಜವಾಬ್ದಾರಿ ಅವರ ತಲೆ ಮೇಲೇ ಬಂತು.

ಧಾತು ಈಶ್ವರ ಬರ

ಅಷ್ಟರಲ್ಲಿ ಬರ ಬಿತ್ತು. 1876ರಿಂದ 78ರವರೆಗಿನ ಆ ಬರವನ್ನು ಹಳಬರು ಸಂವತ್ಸರದ ಹೆಸರಲ್ಲೇ ಕರೀತಿದ್ದರು, ಧಾತು ಈಶ್ವರ ಬರ ಅಂತ. ದಕ್ಷಿಣ ಭಾರತದ ಬಹುಭಾಗ ಸುಟ್ಟುಹೋಯಿತು. ಮೈಸೂರಲ್ಲಿ ಹೆಚ್ಚು ಪೆಟ್ಟು ತಿಂದಿದ್ದು ಬಯಲುಸೀಮೆ: ಕೋಲಾರ, ಬೆಂಗಳೂರು, ತುಮಕೂರು, ಚಿತ್ರದುರ್ಗದ ಕಡೆ. ಮಲೆನಾಡಿಗೆ ಅಷ್ಟು ತಟ್ಟಲಿಲ್ಲ. ಬಯಲುಸೀಮೆಯಿಂದ ಹೊಟ್ಟೆಪಾಡಿಗೆ ಘಟ್ಟದ ಕಡೆ ನಡೆದು ಬಂದವರೇ ಬಹಳ. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷದ 55 ಸಾವಿರ. 1881ರಲ್ಲಿ ಎಣಿಸಿದಾಗ 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿದ್ದರು.

ಜನವೇ ಇಲ್ಲದ ಮೇಲೆ ಕಂದಾಯ ಎಲ್ಲಿಂದ ಬರಬೇಕು? ಉಳುವ ಎತ್ತು ಸತ್ತಿದ್ದವು, ಹೊಲ ಪಾಳು ಬಿದ್ದಿತ್ತು. ಗಂಜಿ ಕೇಂದ್ರ, ಬರದ ಕಾಮಗಾರಿ ಅಂತ ಖರ್ಚು ಮಾತ್ರ ಏರುತ್ತಾ ಹೋಯಿತು. ಬರಕ್ಕೆ ಮುಂಚೆ ಮೈಸೂರಿನ ಖಜಾನೆಯಲ್ಲಿ 63 ಲಕ್ಷ ರೂಪಾಯಿ ಮಿಗುತೆ ಇತ್ತು. ಅದೆಲ್ಲ ಖರ್ಚಾಗಿ ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ಸಾಲ ನಿಂತಿತು. ಆಗ ಸಂಸ್ಥಾನದ ಒಂದು ವರ್ಷದ ಆದಾಯ ಸುಮಾರು ಒಂದು ಕೋಟಿ. ಅಂದರೆ ವರ್ಷಕ್ಕೆ ಲಕ್ಷ ರೂಪಾಯಿ ಸಂಪಾದಿಸುವ ಮನೆಗೆ ಎಂಬತ್ತು ಸಾವಿರ ಸಾಲ, ಕೈಯಲ್ಲಿ ಒಂದು ಬಿಡಿಗಾಸೂ ಇಲ್ಲ.

ಕಾಫಿ ನಾಡಿನದ್ದೂ ಸುಖದ ಕಾಲ ಅಲ್ಲ. 1860ರ ದಶಕದಲ್ಲಿ ಕಾಂಡಕೊರಕ ಬಂದು ಹಳೇ ತಳಿಯ ತೋಟಗಳನ್ನು ಹಾಳು ಮಾಡಿತ್ತು, ಹಿಂದೆಯೇ ಎಲೆರೋಗವೂ ಶುರುವಾಗಿತ್ತು. ಆಗ ನಮ್ಮದು ಕಡೂರು ಜಿಲ್ಲೆ. ಜಿಲ್ಲಾ ಕಚೇರಿ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದು ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ರೈಲು ಇಲ್ಲ. ಕಾಫಿ ಚೀಲ ಎತ್ತಿನ ಗಾಡಿ ಮೇಲೆ ಘಾಟಿ ಇಳಿದು ಮಂಗಳೂರು ಸೇರಬೇಕಿತ್ತು.

ಇಂಥ ಹೊತ್ತಲ್ಲಿ, 1881ರ ಮಾರ್ಚ್ 25ರಂದು, ಇಂಗ್ಲಿಷರು ರಾಜ್ಯವನ್ನು 18 ವರ್ಷದ ಚಾಮರಾಜ ಒಡೆಯರಿಗೆ ಹಿಂತಿರುಗಿಸಿದರು. ಎರಡು ವರ್ಷದಿಂದ ಕಂದಾಯ ಕಾರ್ಯದರ್ಶಿಯಾಗಿದ್ದ ರಂಗಾಚಾರ್ಲು ದಿವಾನರಾದರು. ರಾಜ್ಯದ ಜತೆಗೆ 80 ಲಕ್ಷದ ಸಾಲವನ್ನೂ ದಾಟಿಸಿದರು. ಇನ್ನೊಂದು ಷರತ್ತೂ ಇತ್ತು. ಟಿಪ್ಪು ಸತ್ತ ಕಾಲದ ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ ಇಂಗ್ಲಿಷರಿಗೆ 24 ಲಕ್ಷದ 50 ಸಾವಿರ ರೂಪಾಯಿ ಪೊಗದಿ ಕಟ್ಟುತ್ತಿತ್ತು. ಅದನ್ನು 35 ಲಕ್ಷಕ್ಕೆ ಏರಿಸಿದರು. ಬರದ ಸಾಲ ಇದೆ ಅನ್ನೋ ಕಾರಣಕ್ಕೆ ಹೆಚ್ಚುವರಿ ಹತ್ತೂವರೆ ಲಕ್ಷವನ್ನು ಐದು ವರ್ಷ ಮುಂದಕ್ಕೆ ಹಾಕಿದರು, ಅಷ್ಟೇ.

ಗಲ್ಲಾಪೆಟ್ಟಿಗೆ ಮುಂದೆ ಕೂರುವವರಿಗೆ ಈ ಲೆಕ್ಕ ಬೇಗ ತಿಳಿಯುತ್ತೆ. ನೂರು ರೂಪಾಯಿ ವ್ಯಾಪಾರ ಆದರೆ ಇಪ್ಪತ್ತನಾಲ್ಕೂವರೆ ರೂಪಾಯಿ ಮೊದಲೇ ಬೇರೆಯವರದ್ದು. ಸಾಲದ ಬಡ್ಡಿ ಬೇರೆ. ಉಳಿದದ್ದರಲ್ಲಿ ಅರಮನೆ, ಪೊಲೀಸು, ಕೋರ್ಟು, ರಸ್ತೆ, ಕೆರೆ, ಶಾಲೆ, ಆಸ್ಪತ್ರೆ. ಐದು ವರ್ಷ ಆದ ಮೇಲೆ ಇಪ್ಪತ್ತನಾಲ್ಕೂವರೆ ಹೋಗಿ ಮೂವತ್ತೈದು ಆಗುತ್ತೆ ಅಂತ ಚೀಟಿ ಗೋಡೆ ಮೇಲೆ ಅಂಟಿಸಿಟ್ಟಿದ್ದಾರೆ.

ಎಲ್ಲಿ ಕತ್ತರಿ ಹಾಕಿದರು

ಇಂಥ ಸ್ಥಿತಿಯಲ್ಲಿ ಸುಲಭದ ದಾರಿ ಎರಡು. ಒಂದು, ಕಂದಾಯ ಏರಿಸೋದು. ಬರದಿಂದ ಈಗಷ್ಟೇ ಎದ್ದು ಕೂತ ರೈತನ ಮೇಲೆ ಅದು ನಡೆಯುವ ಮಾತಾಗಿರಲಿಲ್ಲ. ಇನ್ನೊಂದು, ಕಾಮಗಾರಿ ನಿಲ್ಲಿಸಿ ಕಚೇರಿಗಳನ್ನು ಹಾಗೇ ಇಟ್ಟುಕೊಳ್ಳೋದು. ಕೈ ಬಿಗಿಯಾದಾಗ ಈಗಲೂ ಎಲ್ಲ ಕಡೆ ನಡೆಯೋದು ಹೆಚ್ಚಾಗಿ ಇದೇ. ಸಂಬಳ ತಪ್ಪಲ್ಲ, ಚರಂಡಿ ಕೆಲಸ ತಪ್ಪುತ್ತೆ.

ರಂಗಾಚಾರ್ಲು ಉಲ್ಟಾ ಹೋದರು. ಕತ್ತರಿ ಮೊದಲು ಬಿದ್ದಿದ್ದು ಕುರ್ಚಿಗಳ ಮೇಲೆ. ದೊಡ್ಡ ಸಂಬಳದ ಯುರೋಪಿಯನ್ ಅಧಿಕಾರಿಗಳ ಸಂಖ್ಯೆ ಇಳಿಯಿತು, ಅವರ ಜಾಗಕ್ಕೆ ಕಡಿಮೆ ಸಂಬಳದ ಭಾರತೀಯರು ಬಂದರು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳು ಹೋಗಿ ಬರೀ ಉಪವಿಭಾಗಗಳಾದವು. ತಾಲ್ಲೂಕುಗಳ ಸಂಖ್ಯೆಯನ್ನೂ ಕಡಿಮೆ ಮಾಡಿದರು.

ರೈಲನ್ನು ಮಾತ್ರ ಬಿಡಲಿಲ್ಲ. ಬೆಂಗಳೂರು–ಮೈಸೂರು ರೈಲು ಹಾದಿ ಬರಗಾಲದಲ್ಲಿ ಕೂಲಿಗಾಗಿ ಬಂದ ಜನರ ಕೈಯಲ್ಲಿ ಎದ್ದದ್ದು. 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತು. ದುಡ್ಡಿಲ್ಲ ಅಂತ ಅಲ್ಲಿಗೆ ಸಾಕು ಅನ್ನಬಹುದಿತ್ತು. ಅವರು ಹಾಗನ್ನದೆ ಬೆಂಗಳೂರಿನಿಂದ ತುಮಕೂರು, ತಿಪಟೂರು ಕಡೆಗೆ ಹಾದಿ ಹಾಕಲು ಸಾಲ ಎತ್ತಿದರು. ತಲೆ ಮೇಲೆ 80 ಲಕ್ಷದ ಸಾಲ ಇರುವಾಗ ಇನ್ನೊಂದು ಸಾಲ ಮಾಡೋದನ್ನ ಯಾವ ಮನೆ ಯಜಮಾನನೂ ಬೇಗ ಒಪ್ಪಲ್ಲ. ಅವರ ಲೆಕ್ಕ ಬೇರೆ ಇತ್ತು. ಬರದಲ್ಲಿ ಜನ ಸತ್ತಿದ್ದು ಮಳೆ ಹೋದ ಕಾರಣಕ್ಕೆ ಮಾತ್ರ ಅಲ್ಲ, ಧಾನ್ಯ ಇರುವ ಕಡೆಯಿಂದ ಇಲ್ಲದ ಕಡೆಗೆ ಬೇಗ ಸಾಗಿಸಲು ಆಗದೇ ಹೋಗಿದ್ದಕ್ಕೂ ಹೌದು. ಮುಂದಿನ ಬರ ಬಂದರೆ ರೈಲು ಅನ್ನ ತರುತ್ತೆ, ಬರ ಬರದಿದ್ದರೆ ವ್ಯಾಪಾರ ತರುತ್ತೆ. ತಿನ್ನುವ ಸಾಲ, ದುಡಿಯುವ ಸಾಲ ಎರಡೂ ಒಂದೇ ಅಲ್ಲ ಅನ್ನೋದು ಅಂಗಡಿ ಇಟ್ಟವರಿಗೆ ಹೊಸ ವಿಷಯ ಏನಲ್ಲ.

ಬರೀ ಬೇಸಾಯ ನಂಬಿಕೊಂಡರೆ ಒಂದು ಮಳೆಗಾಲ ಕೈಕೊಟ್ಟಾಗ ರಾಜ್ಯವೇ ಮುಳುಗುತ್ತೆ, ಕೈಗಾರಿಕೆ ಕೂಡ ಬೆಳೀಬೇಕು ಅನ್ನೋದನ್ನೂ ಅವರು ದಿವಾನರಾಗಿ ಜನರ ಮುಂದೆ ಹೇಳಿದ್ದರು. ವಿಶ್ವೇಶ್ವರಯ್ಯನವರು ಆ ಮಾತು ಹೇಳುವುದಕ್ಕೆ ಇನ್ನೂ ಮೂವತ್ತು ವರ್ಷ ಇತ್ತು.

ಜಿಲ್ಲೆ ಮುಚ್ಚಿದ್ದು ಮಾತ್ರ ಸರಿಹೋಗಲಿಲ್ಲ. ಕಾಗದದ ಮೇಲೆ ಅದು ಉಳಿತಾಯ. ಆದರೆ ಕಚೇರಿ ದೂರ ಹೋದರೆ ಖರ್ಚು ಇಲ್ಲವಾಗಲ್ಲ, ಸರ್ಕಾರದ ಜೇಬಿಂದ ಜನರ ಜೇಬಿಗೆ ವರ್ಗವಾಗುತ್ತೆ. ಒಂದು ಅರ್ಜಿ ಕೊಡಲು, ಒಂದು ದಾವೆಗೆ ಹಾಜರಾಗಲು ಎರಡು ದಿನ ಹೆಚ್ಚು ನಡೆಯಬೇಕು. ದಾರಿಯ ಊಟ, ಗಾಡಿ ಬಾಡಿಗೆ, ಬಿಟ್ಟ ಕೆಲಸ ಯಾವುದೂ ಸರ್ಕಾರದ ಪುಸ್ತಕಕ್ಕೆ ಹತ್ತಲ್ಲ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸನ, ಚಿತ್ರದುರ್ಗ ಎರಡನ್ನೂ 1886ರಲ್ಲಿ ಮತ್ತೆ ಜಿಲ್ಲೆ ಮಾಡಬೇಕಾಗಿ ಬಂತು. ನಾಲ್ಕು ವರ್ಷದ ಉಳಿತಾಯ ಎಷ್ಟು, ಜನ ತೆತ್ತದ್ದು ಎಷ್ಟು ಅನ್ನೋ ಲೆಕ್ಕ ಯಾರೂ ಮಾಡಲಿಲ್ಲ.

ದಸರೆಗೆ ಬಂದವರು

1881ರ ಆಗಸ್ಟ್ 25ರಂದು ಒಂದು ಸರ್ಕಾರಿ ಆದೇಶ ಹೊರಟಿತು. ಪ್ರತಿ ತಾಲ್ಲೂಕಿನಿಂದ ಜಮೀನು ಇರುವ, ನಾಲ್ಕು ಜನರಲ್ಲಿ ಮಾತು ನಡೆಯುವ ಒಬ್ಬಿಬ್ಬರು ರೈತರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ಮುಖ್ಯ ವರ್ತಕರು ಮೈಸೂರಿಗೆ ಬರಬೇಕು. ಹೇಗೂ ದಸರೆಗೆ ಜನ ಸೇರುವ ಸಮಯ. ಹಿಂದಿನ ವರ್ಷ ಸರ್ಕಾರ ಏನು ಮಾಡಿತು, ಮುಂದಿನ ವರ್ಷ ಏನು ಮಾಡುತ್ತೆ ಅನ್ನೋದನ್ನ ಅವರ ಮುಂದೆ ಇಡಲಾಗುವುದು, ಅವರ ಅಹವಾಲು ಕೇಳಲಾಗುವುದು. ಆದೇಶದ ತಿರುಳು ಇಷ್ಟೇ.

ಅಕ್ಟೋಬರ್ 7ರಂದು 144 ಜನ ಸೇರಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಹೀಗೆ ರಾಜ್ಯದ ಮೂಲೆಮೂಲೆಯ ರೈತರನ್ನೂ ವರ್ತಕರನ್ನೂ ಒಂದು ಕಡೆ ಕೂರಿಸಿ ಲೆಕ್ಕ ಹೇಳುವ ಪದ್ಧತಿ ಆಗ ಇಂಗ್ಲಿಷರ ಪ್ರಾಂತ್ಯಗಳಲ್ಲೂ ಇರಲಿಲ್ಲ. ಊರುಗಳ ಆಡಳಿತ ಊರಿನವರ ಕೈಗೆ ಕೊಡಬೇಕು ಅನ್ನುವ ವೈಸರಾಯ್ ರಿಪ್ಪನ್ ಅವರ ಹೆಸರುವಾಸಿ ನಿರ್ಣಯ ಬಂದಿದ್ದು 1882ರ ಮೇ ತಿಂಗಳಲ್ಲಿ. ಮೈಸೂರಿನ ಸಭೆ ಅದಕ್ಕಿಂತ ಏಳು ತಿಂಗಳು ಮುಂಚಿನದು.

ರಂಗಾಚಾರ್ಲು ಸಭೆಯ ಮುಂದೆ ಇಟ್ಟಿದ್ದು ಅಲಂಕಾರದ ಭಾಷಣ ಅಲ್ಲ. ಆದಾಯ, ಖರ್ಚು, ಬರದ ಸಾಲ, ರೈಲು ಕೆಲಸ, ಕಚೇರಿಗಳಲ್ಲಿ ಮಾಡಿದ ಕಡಿತ ಎಲ್ಲವೂ ಅದರಲ್ಲಿತ್ತು. ಆಮೇಲೆ ಬಂದವರು ತಮ್ಮ ತಮ್ಮ ತಾಲ್ಲೂಕಿನ ಕಷ್ಟ ಹೇಳಿಕೊಂಡರು. ಐವತ್ತು ವರ್ಷದ ಹಿಂದೆ ಇದೇ ಮಾತುಗಳನ್ನು ನಗರ, ತರೀಕೆರೆಯ ರೈತರು ಕೂಟ ಕಟ್ಟಿಕೊಂಡು ಹೇಳಬೇಕಾಗಿತ್ತು, ಅದಕ್ಕೆ ಉತ್ತರವಾಗಿ ದಂಡು ಬಂದಿತ್ತು. ಈಗ ದಿವಾನರೇ ಎದುರಿಗೆ ಕೂತು ಕೇಳುತ್ತಿದ್ದರು.

ಹಾಗಂತ ಇದನ್ನು ಈಗಿನ ವಿಧಾನಸಭೆ ತರ ಊಹಿಸಿಕೊಳ್ಳಬಾರದು. ಅವರು ಚುನಾಯಿತರಲ್ಲ, ಅಧಿಕಾರಿಗಳ ಕೈಕೆಳಗಿನ ಸ್ಥಳೀಯ ಮಂಡಳಿಗಳು ಆರಿಸಿ ಕಳಿಸಿದವರು. ಓಟು ಹಾಕಿ ಬಜೆಟ್ ತಡೆಯುವ ಹಕ್ಕು ಇರಲಿಲ್ಲ, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಬಂದವರು ಜಮೀನು, ವ್ಯಾಪಾರ ಇದ್ದ ಗಂಡಸರು ಮಾತ್ರ. ಬರದಲ್ಲಿ ಎಲ್ಲರಿಗಿಂತ ಮೊದಲು ಸತ್ತ ಕೂಲಿಯವರ ಕಡೆಯಿಂದ ಆ ಸಭೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಕಾಫಿ ತೋಟದ ಕೂಲಿಗಳಂತೂ ಲೆಕ್ಕಕ್ಕೇ ಇಲ್ಲ. ತೋಟದ ಧಣಿಗಳಿಗೆ ಮುಂದಿನ ವರ್ಷಗಳಲ್ಲಿ ಜಾಗ ಸಿಕ್ಕಿತು. ಮೂಡಿಗೆರೆಗೆ ಅಂಟಿಕೊಂಡ ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1890ರ ದಶಕದ ಮೊದಲಲ್ಲಿ ಈ ಸಭೆಯಲ್ಲಿ ಕೂತು ಬಂದು, ತನ್ನ ಪುಸ್ತಕದಲ್ಲಿ ಅದರ ಬಗ್ಗೆ ದೊಡ್ಡದಾಗಿ ಬರೆದ.

ಹಾಗಿದ್ದರೆ ಅಧಿಕಾರವೇ ಇಲ್ಲದ ಸಭೆಯಿಂದ ಏನು ಬಂತು? ಲೆಕ್ಕ ಒಮ್ಮೆ ಓದಿ ಹೇಳಿದ ಮೇಲೆ ಮುಂದಿನ ವರ್ಷ ಓದದೇ ಇರೋಕೆ ಆಗಲ್ಲ. ಹೋದ ಸಲ ಹೀಗೆ ಹೇಳಿದ್ದಿರಿ, ಈ ಸಲ ಹೀಗ್ಯಾಕೆ ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಊರಿಗೆ ವಾಪಸ್ ಹೋದ ರೈತ ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳುತ್ತಾನೆ. ಸಾಲ 80 ಲಕ್ಷ ಇದೆ ಅಂತ ಗೊತ್ತಿದ್ದವನಿಗೆ ರಸ್ತೆ ಯಾಕೆ ಈ ವರ್ಷ ಆಗಲಿಲ್ಲ ಅನ್ನೋದು ಅರ್ಧ ಅರ್ಥವಾಗುತ್ತೆ, ಸಿಟ್ಟೂ ಅರ್ಧ ಇಳಿಯುತ್ತೆ. ಉಳಿದರ್ಧ ಸಿಟ್ಟು ಅರ್ಜಿಯಾಗುತ್ತೆ. ಅರಮನೆ ಲೆಕ್ಕ ಬಿಡಿಸಿ ಬಂದಿದ್ದ ರಂಗಾಚಾರ್ಲು ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ. ಮುಚ್ಚಿಟ್ಟ ಲೆಕ್ಕ ಹೇಗೆ ಬೆಳೆಯುತ್ತೆ ಅನ್ನೋದನ್ನ ಅವರು ಹದಿಮೂರು ವರ್ಷದ ಹಿಂದೆಯೇ ಕಣ್ಣಾರೆ ನೋಡಿದ್ದರು.

ವಿರೋಧ ಇರಲಿಲ್ಲ ಅಂತಲ್ಲ. ಮದರಾಸಿನಿಂದ ಬಂದವರು ಮೈಸೂರಿನ ನೌಕರಿಗಳನ್ನೆಲ್ಲ ಹಿಡಿದುಕೊಂಡರು ಅನ್ನುವ ಅಸಮಾಧಾನ ಇವರ ಕಾಲದಲ್ಲೇ ಹೊಗೆಯಾಡಿ, ಶೇಷಾದ್ರಿ ಅಯ್ಯರ್ ಕಾಲಕ್ಕೆ ಬೆಂಕಿಯಾಯಿತು. ಅದರಲ್ಲಿ ಹುರುಳೂ ಇತ್ತು. ಯುರೋಪಿಯನ್ನರ ಜಾಗಕ್ಕೆ ಇಲ್ಲಿಯವರು ಅಂದಾಗ, ಇಲ್ಲಿಯವರು ಅಂದರೆ ಯಾರು ಅನ್ನೋ ಪ್ರಶ್ನೆ ಏಳೋದು ಸಹಜ.

ಇಪ್ಪತ್ತೆರಡು ತಿಂಗಳು

1882ರ ದಸರೆಗೆ ಸಭೆ ಎರಡನೇ ಸಲ ಸೇರಿತು. ರಂಗಾಚಾರ್ಲು ಎರಡನೇ ವರ್ಷದ ಲೆಕ್ಕವನ್ನೂ ಒಪ್ಪಿಸಿದರು. ಅದೇ ಅವರ ಕೊನೆಯ ಸಭೆ. ಆರೋಗ್ಯ ಕೆಟ್ಟು ಮದರಾಸಿಗೆ ಹೋದವರು ವಾಪಸ್ ಬರಲಿಲ್ಲ. 1883ರ ಜನವರಿ 20ರಂದು ಅಲ್ಲೇ ತೀರಿಕೊಂಡರು. ದಿವಾನಗಿರಿ ನಡೆಸಿದ್ದು ಎರಡು ವರ್ಷವೂ ತುಂಬದ ಇಪ್ಪತ್ತೆರಡು ತಿಂಗಳು. ಸಾಲ ತೀರಿದ್ದನ್ನು ಅವರು ನೋಡಲಿಲ್ಲ, ತುಮಕೂರಿಗೆ ರೈಲು ಬಂದದ್ದನ್ನೂ ನೋಡಲಿಲ್ಲ.

ಅವರ ಜಾಗಕ್ಕೆ ಬಂದವರು ಅವರೇ ಕರೆತಂದಿದ್ದ ಶೇಷಾದ್ರಿ ಅಯ್ಯರ್. 18 ವರ್ಷ ದಿವಾನರಾಗಿದ್ದು ಬರದ ಸಾಲದ ಹೊರೆ ಇಳಿಸಿ, ಖಜಾನೆಯಲ್ಲಿ ಮತ್ತೆ ಮಿಗುತೆ ನಿಲ್ಲುವ ಹಾಗೆ ಮಾಡಿದರು. ಅವರಿಗೆ ಕೋಲಾರದ ಚಿನ್ನದ ಗಣಿಯ ಆದಾಯವೂ ಕೈಹಿಡಿಯಿತು, ರಂಗಾಚಾರ್ಲು ಅವರಿಗೆ ಆ ಅದೃಷ್ಟ ಇರಲಿಲ್ಲ. ಗೋಡೆಗೆ ಅಂಟಿಸಿದ್ದ ಪೊಗದಿಯ ಚೀಟಿಯ ಕಥೆ ಇನ್ನೂ ಉದ್ದ. 1886ಕ್ಕೆ ಕೊಡಬೇಕಿದ್ದ ಹೆಚ್ಚುವರಿ ಹತ್ತೂವರೆ ಲಕ್ಷವನ್ನು ಕೇಳಿಕೊಂಡು ಮತ್ತೆ ಹತ್ತು ವರ್ಷ ಮುಂದಕ್ಕೆ ಹಾಕಿಸಿಕೊಂಡರು. 1896ರಿಂದ 35 ಲಕ್ಷ ಕಟ್ಟೋದು ಶುರುವಾಯಿತು. ಅದು ಮತ್ತೆ 24 ಲಕ್ಷದ 50 ಸಾವಿರಕ್ಕೆ ಇಳಿದಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1920ರ ದಶಕದ ಕೊನೆಯಲ್ಲಿ.

ಸಭೆ ಕೂಡ ನಿಲ್ಲಲಿಲ್ಲ. ಪ್ರತಿ ವರ್ಷ ದಸರೆಗೆ ಸೇರುತ್ತಾ ಹೋಯಿತು. 1890ರ ದಶಕದ ಹೊತ್ತಿಗೆ ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು, 1923ರಲ್ಲಿ ಅದಕ್ಕೆ ಕಾನೂನಿನ ಸ್ಥಾನ ಸಿಕ್ಕಿತು. ಚಿಕ್ಕಮಗಳೂರು ಕಡೆಯವರೂ ಅರ್ಜಿಗಳ ಗಂಟು ಹಿಡಿದು ದಸರೆ ನೋಡಲೂ ಸೇರಿ ಹೋಗಿ ಬರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ ಅದರ ಕಾಲ ಮುಗಿಯಿತು.

ಸಾಲ ಮಾಡಿ ಎಳೆದ ರೈಲು ಹಾದಿ 1884ರಲ್ಲಿ ತುಮಕೂರು ದಾಟಿ ಗುಬ್ಬಿಗೆ ಬಂತು. ಮುಂದಿನ ಕೆಲಸ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಗಿ, ತಿಪಟೂರು, ಅರಸೀಕೆರೆ ಹಾದು 1889ರಲ್ಲಿ ಕಡೂರು, ಬೀರೂರಿನ ಮೇಲೆ ಹರಿಹರ ಮುಟ್ಟಿತು. ನಮ್ಮ ಜಿಲ್ಲೆಗೆ ಮೊದಲ ರೈಲು ಬಂದದ್ದು ಹಾಗೆ. ಬೀರೂರಿನ ಅಡಿಕೆ, ತೆಂಗಿನಕಾಯಿ ಮಂಡಿಗಳ ಬೆಳವಣಿಗೆಯ ಹಿಂದೆ ಆ ಸ್ಟೇಷನ್ ಇದೆ. ಚಿಕ್ಕಮಗಳೂರು ಪೇಟೆಯವರು ರೈಲು ಹಿಡಿಯಲು ತಲೆಮಾರುಗಟ್ಟಲೆ ಕಡೂರಿಗೇ ಹೋಗಬೇಕಾಗಿತ್ತು, ಅದು ಬೇರೆ ಕಥೆ.

ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಮೈಸೂರಿನಲ್ಲಿ ಒಂದು ಭವನ ಕಟ್ಟಲು ಶುರುಮಾಡಿದರು. ದೊಡ್ಡ ಗಡಿಯಾರದ ಹತ್ತಿರ ಇರುವ ಟೌನ್‌ಹಾಲ್ ಅದೇ. ದಸರೆಗೆ ಹೋದವರು ಅದರ ಮುಂದೆಯೇ ಹಾದು ಹೋಗಿರುತ್ತಾರೆ. ರಂಗಾಚಾರ್ಲು ಸ್ಮಾರಕ ಭವನ ಅನ್ನೋದು ಅದರ ಪೂರ್ತಿ ಹೆಸರು.